ಮುಳ್ಳಿಲಿಗಳಿಗೆ ಹೆಸರಿಡುತ್ತಿದ್ದ ಅಕ್ಕ

ಮೊನ್ನೆ ಹಿತ್ತಲಿನ ಕಟ್ಟಿಗೆ ರಾಶಿ ಸರಿಸುವಾಗ ನನ್ನ ಹಳೆಯ ಹೆಲ್ಮೆಟ್ ಸಿಕ್ಕಿತು. ನೌಕರಿಯಲ್ಲಿದ್ದಾಗ ಗಣಿಯವರು ಕೊಟ್ಟಿದ್ದ ಹಳದಿ ಹೆಲ್ಮೆಟ್ಟು, ಬಿಸಿಲಿಗೆ ಬಣ್ಣ ಹೋಗಿ ಬೂದಿಯಂತಾಗಿತ್ತು. ಅಂಗಾತ ಬಿದ್ದಿದ್ದ ಅದರೊಳಗೆ ತೆಂಗಿನ ನಾರಿನ ಉಂಡೆಯಂಥದ್ದೇನೋ ಕಂಡಿತು. ಎತ್ತಿ ಎಸೆಯೋಣವೆಂದು ಕೈ ಹಾಕಿದೆ. ಚುಚ್ಚಿತು. ಬಗ್ಗಿ ನೋಡಿದರೆ ಉಂಡೆ ಉಸಿರಾಡುತ್ತಿತ್ತು.

ಮುಳ್ಳಿಲಿ. ನೋಡದವರು ಇದನ್ನು ಮುಳ್ಳುಹಂದಿಯ ಮರಿ ಅನ್ನುತ್ತಾರೆ. ಅದು ಬೇರೆ, ಇದು ಬೇರೆ. ಇದು ಬೊಗಸೆಯಲ್ಲಿ ಹಿಡಿಯುವಷ್ಟೇ ಇರುತ್ತದೆ. ಹೆದರಿತೆಂದರೆ ಮೂತಿ, ಕಾಲು ಎಲ್ಲವನ್ನೂ ಒಳಗೆಳೆದುಕೊಂಡು ಚೆಂಡಾಗಿಬಿಡುತ್ತದೆ. ರಕ್ತ ಬಂದ ಬೆರಳನ್ನು ಬಾಯಲ್ಲಿಟ್ಟುಕೊಂಡು ನಾನು ಅಲ್ಲೇ ಕುಳಿತೆ. ಬಾಯಿಂದ ತಾನಾಗಿ ಒಂದು ಹೆಸರು ಹೊರಬಿತ್ತು.

ಮುಟ್ಟಬ್ಯಾಡಪ್ಪ ದಬ್ಬಣದ.

ಅದು ನಾನು ಕಟ್ಟಿದ ಹೆಸರಲ್ಲ. ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಕಟ್ಟಿದ್ದು. ಅದನ್ನು ಕಟ್ಟಿ ಮೂವತ್ತು ವರ್ಷದ ಮೇಲಾಯಿತು. ಅವರ ಬಗ್ಗೆ ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. ಅರ್ಧ ಹೇಳುತ್ತಿದ್ದೆ, ನಗು ಬರುವ ಅರ್ಧವನ್ನು. ಇನ್ನರ್ಧ ಹೇಳಲು ಬಾಯಿ ಬರುತ್ತಿರಲಿಲ್ಲ...

ನಾನು ಆಗ ಸ್ಟಾಫ್ ಬಸ್ಸಿನ ಡ್ರೈವರ್. ಎಸ್ಸೆಸ್ಸೆಲ್ಸಿ ಮುಗಿಸಿ, ಲೈಸೆನ್ಸ್ ಮಾಡಿಸಿಕೊಂಡು ಸೇರಿದವನು. ಕಬ್ಬಿಣದ ಅದಿರಿನ ಧೂಳಿಗೆ ಬೆಟ್ಟದ ಮೇಲೆ ಎಲ್ಲವೂ ಕೆಂಪು. ಒಗೆದು ಹಾಕಿದ ಬಿಳಿ ಬನಿಯನ್ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಕ್ವಾರ್ಟರ್ಸಿನಲ್ಲಿ ತೆಲುಗಿನವರು, ತಮಿಳಿನವರು, ಹಿಂದಿಯವರು, ನಮ್ಮವರು ಎಲ್ಲ ಒಟ್ಟಿಗಿದ್ದೆವು. ಅಕ್ಕನ ಗಂಡ ಅದಿರು ಒಡೆಯುವ ಕ್ರಷರ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಿದ್ದರು, ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಅಕ್ಕನೇ ಆಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹಾಗೆಂದು ಅವರ ಮನೆ ಮುಂದಿನ ಕಟ್ಟೆ ಒಂದು ಸಂಜೆಯೂ ಖಾಲಿ ಇರುತ್ತಿರಲಿಲ್ಲ. ಸಾಲಿನ ಮಕ್ಕಳೆಲ್ಲ ಅಲ್ಲೇ. ಕತೆ ಕೇಳಲು.

ಅವರ ಕತೆಗಳಲ್ಲಿ ರಾಜ ಇಲ್ಲ, ರಾಣಿ ಇಲ್ಲ. ಮುಳ್ಳಿಲಿಗಳು. ಗಣಿಯ ಬೆಟ್ಟದ ಕೆಳಗೆ ಮುಳ್ಳಿಲಿಗಳದ್ದೇ ಒಂದು ಊರಿದೆ, ಅಲ್ಲಿ ಅವು ಮಾತಾಡುತ್ತವೆ, ಸಂತೆ ಮಾಡುತ್ತವೆ, ಜಗಳವಾಡುತ್ತವೆ, ಶಿಫ್ಟಿಗೆ ಹೋಗುತ್ತವೆ. ಆದರೆ ಹುಟ್ಟಿದ ಮುಳ್ಳಿಲಿಗೆ ಮಾತು ತಾನಾಗಿ ಬರುವುದಿಲ್ಲ. ಅದಕ್ಕೆ ಹೆಸರಿಡಬೇಕು. ಕಿವಿಯಲ್ಲಿ ಹೆಸರು ಹೇಳಿದ ಮೇಲೆಯೇ ಅದು ಬಿಚ್ಚಿಕೊಂಡು ಬಾಯಿ ತೆರೆಯುವುದು. ಇದು ಅಕ್ಕನ ಕತೆಗಳ ಕಾನೂನು.

ಹಾಗಾಗಿ ಪ್ರತಿ ಕತೆಯ ಮೊದಲು ಒಂದು ತೊಟ್ಟಿಲ ಕಾರ್ಯ ಆಗಲೇಬೇಕು. ಒಂದು ಮಗು ಮೊಣಕಾಲು ಎದೆಗೆ ಒತ್ತಿಕೊಂಡು ಮುದುಡಿ ಕೂಡಬೇಕು, ಅದರ ಮೇಲೆ ಹೊದಿಕೆ. ಅದು ಮುಳ್ಳಿಲಿ. ನಮ್ಮ ಕಡೆ ಕೂಸಿಗೆ ಹೆಸರಿಡುವಾಗ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುತ್ತಾಳಲ್ಲ, ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಥೇಟ್ ಹಾಗೆಯೇ ಅಕ್ಕ ಬಗ್ಗುವರು, ಹುಡುಗರು ಗುದ್ದುವರು. ತಮಿಳರ ಮನೆಯ ಗುಂಡನೆಯ ಹುಡುಗನೊಬ್ಬ ಎರಡೂ ಕೈಯಿಂದ ಬಾರಿಸುತ್ತಿದ್ದ. "ಮೆತ್ತಗ ಗುದ್ದಲೇ, ಇದು ಬೆನ್ನು, ಕ್ರಷರ್ ಅಲ್ಲ" ಅನ್ನುವರು ಅಕ್ಕ. ಹೊದಿಕೆಯೊಳಗಿನ ಮುಳ್ಳಿಲಿ ನಕ್ಕು ನಕ್ಕು ಬಿಚ್ಚಿಕೊಳ್ಳುತ್ತಿತ್ತು.

ಹೆಸರುಗಳೋ... ನಮ್ಮ ಕಡೆಯ ಅಡ್ಡಹೆಸರುಗಳ ಗತ್ತೆಲ್ಲ ಅವಕ್ಕಿತ್ತು. ಯಾರನ್ನೂ ಹತ್ತಿರ ಸೇರಿಸದ ಮುದುಕ ಮುಟ್ಟಬ್ಯಾಡಪ್ಪ ದಬ್ಬಣದ. ಅವನ ಹೆಂಡತಿ ಗುಂಡುಸೂಜೆವ್ವ. ಶಿಫ್ಟಿನ ಸೈರನ್ ಆದ ಮೇಲೆಯೇ ಏಳುವ ಸೈರನ್ ಸಂಗವ್ವ. ಸೀನುತ್ತಲೇ ಇರುವ ಪುಸುಕಪ್ಪ ನೆಗಡಿಮಠ. ಕುರ್ಚಿಯ ಮೇಲೆ ಕುಳಿತು ತನ್ನ ಮುಳ್ಳು ತನಗೇ ಚುಚ್ಚಿಕೊಳ್ಳುವ ಆಫೀಸರ್ ಕುಂದರಬ್ಯಾಡ್ರಿ ಸಾಹೇಬ. ನಮ್ಮ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಸೂಪರ್‌ವೈಸರನ್ನು ಮಕ್ಕಳು ಹಿಂದಿನಿಂದ ಅದೇ ಹೆಸರಲ್ಲಿ ಕರೆಯತೊಡಗಿದಾಗ ಅಕ್ಕ ಅವರೆಲ್ಲರ ಕಿವಿ ಹಿಂಡಿದ್ದರು. ಹಿಂಡುವಾಗ ಅವರೂ ನಗುತ್ತಿದ್ದರು.

ಒಮ್ಮೆ ನಾನು, ಇಷ್ಟೊಂದು ಹೆಸರು ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದೆ.

"ತರೋದಲ್ಲ ತಮ್ಮಾ. ತಾನ ಬರ್ಬೇಕು. ಮರಿ ಮೊದ್ಲು ಏನ್ ಮಾಡ್ತೈತಿ ಅಂತ ನೋಡ್ಕೊಂತ ಕುಂದರ್ಬೇಕು. ಅವಸರ ಮಾಡಿದ್ರ ಹೆಸರು ಮುದುಡ್ಕೊಂಡ್ಬಿಡತೈತಿ."

ಅದು ನಿಜವೇ. ಹೊದಿಕೆಯೊಳಗೆ ಕುಳಿತ ಮಗು ಮೊದಲು ಕೆಮ್ಮುತ್ತದೋ, ಕಾಲು ಹೊರಗೆ ಹಾಕುತ್ತದೋ, ಅವ್ವನನ್ನು ಕರೆಯುತ್ತದೋ ಎಂದು ಅವರು ಸುಮ್ಮನೆ ಕಾಯುತ್ತಿದ್ದರು. ಆಮೇಲೆ ಬಗ್ಗುತ್ತಿದ್ದರು. ಒಂದು ಭಾನುವಾರ ಕ್ವಾರ್ಟರ್ಸಿನವರನ್ನೆಲ್ಲ ಬಸ್ಸಿನಲ್ಲಿ ಹಂಪಿಗೆ ಕರೆದುಕೊಂಡು ಹೋಗಿದ್ದೆ. ಕಡ್ಡಿರಾಂಪುರ ದಾಟಿ ಬಂಡೆಗಳು ಶುರುವಾದವು. ಇವೂ ಮುಳ್ಳಿಲಿಗಳೇ, ಹಳೆಯ ಕಾಲದವು, ಮುಳ್ಳು ಉದುರಿ ನುಣ್ಣಗಾಗಿವೆ, ಇವುಗಳ ಹೆಸರು ಬಲ್ಲವರು ಯಾರೂ ಉಳಿದಿಲ್ಲ, ಅದಕ್ಕೇ ಬಿಚ್ಚಿಕೊಳ್ಳದೆ ಮಲಗಿವೆ ಎಂದು ಅಕ್ಕ ಹೇಳಿದರು. ವಾಪಸ್ಸು ಬರುವವರೆಗೂ ಮಕ್ಕಳು ಕಿಟಕಿಯಿಂದ ಬಾಯಿಗೆ ಬಂದ ಹೆಸರು ಹಿಡಿದು ಬಂಡೆಗಳನ್ನು ಕೂಗಿದ್ದೇ ಕೂಗಿದ್ದು. ಸ್ಟಿಯರಿಂಗ್ ಹಿಡಿದು ನಾನೂ ಒಂದೆರಡು ಕೂಗಿದೆ.

ನಮಗೆ ಮೊದಲು ಹುಟ್ಟಿದ ಕೂಸು ಉಳಿದಿರಲಿಲ್ಲ. ಹೆಸರಿಡುವ ಮೊದಲೇ ಹೋಯಿತು. ಆ ದಿನಗಳಲ್ಲಿ ನನ್ನ ಹೆಂಡತಿಯ ಪಕ್ಕ ಕುಳಿತವರು ಅಕ್ಕ. ಏನೂ ಮಾತಾಡದೆ ಕುಳಿತಿರುತ್ತಿದ್ದರು. ಅಷ್ಟು ಮಾತಿನವರು ಹಾಗೆ ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಅವಳು ಮತ್ತೆ ಬಸುರಿಯಾದಾಗ ಉಪ್ಪು ಹುಳಿಯಿಂದ ಹಿಡಿದು ಎಣ್ಣೆ ನೀರಿನವರೆಗೆ ಎಲ್ಲ ನೋಡಿಕೊಂಡವರೂ ಅವರೇ. ನನಗೆ ಅಕ್ಕ ತಂಗಿಯರಿಲ್ಲ. ಒಂದು ದಿನ ಡ್ಯೂಟಿಗೆ ಹೊರಟವನು ಅವರ ಕಟ್ಟೆಯ ಹತ್ತಿರ ನಿಂತು, ಈ ಸಲ ಕೂಸಿಗೆ ಸೋದರತ್ತೆ ನೀವೇ, ನೀವೇ ಹೆಸರಿಡಬೇಕು ಎಂದೆ.

ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

"ಖರೇನಾ?"

ಖರೆ ಅಂದೆ. ಹಾಳೆಯಲ್ಲಿ ಬರೆಯುವ ಹೆಸರು ನಮ್ಮ ಹಿರಿಯರು ಹೇಳಿದ್ದೇ ಆಗಲಿ, ಕಿವಿಯಲ್ಲಿ ಹೇಳುವ ಹೆಸರು ಮಾತ್ರ ತಮ್ಮದು, ಅದನ್ನು ಆಮೇಲೆ ಯಾರೂ ಕೇಳಬಾರದು ಎಂದು ಅಕ್ಕ ಕರಾರು ಹಾಕಿದರು. ನಾನು ನಕ್ಕು ಒಪ್ಪಿಕೊಂಡೆ.

ಹೆಣ್ಣು ಹುಟ್ಟಿತು. ಅಕ್ಕ ದಿನವೂ ಬಂದು ತೊಟ್ಟಿಲ ಬುಡದಲ್ಲಿ ಕೂಡುತ್ತಿದ್ದರು. ಎತ್ತಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದರು. ಹೆಸರು ಬರುವುದನ್ನು ಕಾಯುತ್ತಿದ್ದಾರೆಂದು ನನಗೂ ಹೆಂಡತಿಗೂ ಗೊತ್ತಿತ್ತು. ಬಾಣಂತನಕ್ಕೆ ಕಂಪ್ಲಿಯಿಂದ ಬಂದಿದ್ದ ನನ್ನ ಅವ್ವನಿಗೆ ಮಾತ್ರ ಆ ನೋಟ ಹಿಡಿಸಲಿಲ್ಲ. ನಾನು ಮಾತು ಕೊಟ್ಟಿರುವುದು ತಿಳಿದಾಗ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಮಡಿಲು ತುಂಬದಾಕಿ ಬಾಯಿ ಕೂಸಿನ ಕಿವಿಗೆ ಹತ್ತೋದು ಬ್ಯಾಡಪ್ಪಾ. ಒಂದನ್ನ ಮಣ್ಣಿಗೆ ಕೊಟ್ಟೀವಿ. ಇನ್ನೊಮ್ಮೆ ನನ್ನ ಕೈಲಾಗೂದಿಲ್ಲ."

ಅವ್ವನ ಮೇಲೆ ಹಾಕಿ ನಾನು ಪಾರಾಗಬಾರದು. ಅವಳು ಹೆದರಿದ್ದಳು, ನಾನು ಕುಳಿತು ಹೇಳಿದ್ದರೆ ಕೇಳುತ್ತಿದ್ದಳೇನೋ. ಇಲ್ಲದಿದ್ದರೆ ಅಕ್ಕನ ಮುಂದೆ ಹೋಗಿ ಹೀಗಾಗಿದೆ ಎಂದಾದರೂ ಹೇಳಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ಇಬ್ಬರಿಗೂ ಮುಖ ಕೆಡದ ಹಾಗೆ ಒಂದು ದಾರಿ ಹುಡುಕಿದೆ. ಹೆದ್ದಾರಿಗಿಂತ ಅಡ್ಡದಾರಿ ಬಲ್ಲ ಡ್ರೈವರಲ್ಲವೇ ನಾನು.

ತೊಟ್ಟಿಲ ಕಾರ್ಯವನ್ನು ಕಂಪ್ಲಿಯ ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ನಾವು ಹಿಂದಿನ ದಿನವೇ ಹೊರಟೆವು. ಹೊರಡುವ ಮೊದಲು ಅಕ್ಕ ಬೇಲಿಯ ಆಚೆಯಿಂದ ಕರೆದರು. ಮುಖ ಅರಳಿತ್ತು.

"ಬಂದೈತಿ ತಮ್ಮಾ. ಹೆಸರು ಬಂದೈತಿ. ಎಷ್ಟೊತ್ತಿಗೆ ಬರ್ಲಿ ಹೇಳು."

ಕಾರ್ಯ ಇದ್ದದ್ದು ಮರುದಿನ ಬೆಳಿಗ್ಗೆ. ನಾನು ಸಂಜೆಗೆ ಎಂದೆ. ಹೊಸಪೇಟೆಯಲ್ಲಿ ಮಧ್ಯಾಹ್ನದ ಯಾವ ಬಸ್ಸು ಹತ್ತಬೇಕು ಎಂದು ಹೇಳಿದೆ. ಬಿಸಿಲು ಬೀಳದ ಕಡೆ ಯಾವುದು, ಅಲ್ಲೇ ಕೂತುಕೊಳ್ಳಿ ಎಂದೂ ಹೇಳಿದೆ. ಸುಳ್ಳು ಹೇಳುವವನಿಗೆ ಎಷ್ಟೊಂದು ಕಾಳಜಿ ಇರುತ್ತದೆ...

ಬೆಳಿಗ್ಗೆ ಅಕ್ಕ ಎಲ್ಲಿ ಎಂದು ಹೆಂಡತಿ ಕೇಳಿದಳು. ಬಸ್ಸು ತಡವಾಗಿರಬೇಕು, ಹೊತ್ತು ಮೀರುತ್ತಿದೆ ಎಂದು ಅವಳಿಗೂ ಸುಳ್ಳು ಹೇಳಿದೆ. ಕುರೆಕುಪ್ಪದಿಂದ ಬಂದಿದ್ದ ನನ್ನ ಚಿಕ್ಕಪ್ಪನ ಮಗಳು ತೊಟ್ಟಿಲಿಗೆ ಬಗ್ಗಿ, ಅವ್ವ ಹೇಳಿದ್ದ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಿದಳು. ಹೆಂಗಸರು ಬೆನ್ನಿಗೆ ಗುದ್ದಿದರು, ನಕ್ಕರು. ಗುಗ್ಗರಿ ಹಂಚಿದರು. ಊಟವಾಯಿತು.

ಅಕ್ಕ ಬಂದಾಗ ಬಿಸಿಲು ಇಳಿಯುತ್ತಿತ್ತು. ಇಳಕಲ್ ಸೀರೆ ಉಟ್ಟಿದ್ದರು. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಮುಡಿದಿರಬೇಕು, ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಎರಡು ಬಸ್ಸು ಬದಲಿಸಿ ಒಬ್ಬರೇ ಬಂದಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಅಂಗಳದಲ್ಲಿ ಉಂಡ ಎಲೆಗಳ ರಾಶಿ, ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ ನೆಂಟರು. ಬಾಗಿಲಲ್ಲಿ ಕುಳಿತಿದ್ದ ನನ್ನ ದೊಡ್ಡವ್ವ, ಈಗ ಬಂದಿರಾ, ತೊಟ್ಟಿಲು ಮುಂಜಾನೆಯೇ ಆಯಿತಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು.

ಅಕ್ಕ ನನ್ನನ್ನು ನೋಡಿದರು. ಬಹಳ ಹೊತ್ತಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುವಷ್ಟು ಹೊತ್ತು.

"ಬಸ್ಸು ತಡಾತ್ರಿ ಯವ್ವಾ. ಹೊಸಪೇಟ್ಯಾಗ ಕುಂತೂ ಕುಂತೂ ಸಾಕಾತು."

ಆ ಬಸ್ಸು ಸರಿಯಾದ ಹೊತ್ತಿಗೇ ಬಂದಿದೆ ಎಂಬುದು ಅಲ್ಲಿದ್ದವರಲ್ಲಿ ಅವರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ನೆಂಟರ ಮುಂದೆ ನನ್ನ ಮಾನ ಉಳಿಸಲು ಅವರು ಅಷ್ಟು ಹೇಳಿದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿದ್ದರೆ... "ಈ ರೂಟಿನ ಬಸ್ಸಿಗೆ ನೆಚ್ಚಿಕೀನ ಇಲ್ಲ ಬಿಡ್ರಿ" ಅಂದೆ. ಡ್ರೈವರೇ ಬಸ್ಸನ್ನು ಬೈದಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೀಲದಲ್ಲಿ ಒಂದು ಕುಲಾಯಿ ಇತ್ತು. ಕೂಸಿನ ತಲೆಗೆ ಹಾಕುವ ಟೊಪ್ಪಿಗೆ, ಕೈಯಲ್ಲಿ ಹೊಲಿದದ್ದು. ಅದರ ಮೇಲೆಲ್ಲ ದಾರವನ್ನು ಸಣ್ಣ ಸಣ್ಣಗೆ ಎಬ್ಬಿಸಿ ಮುಳ್ಳಿನ ಹಾಗೆ ನಿಲ್ಲಿಸಿದ್ದರು, ಮುಟ್ಟಿದರೆ ಮೆತ್ತಗಿತ್ತು. ಅದನ್ನು ಹೊಸ್ತಿಲಲ್ಲೇ ನಿಂತು ನನ್ನ ಹೆಂಡತಿಯ ಕೈಗೆ ಕೊಟ್ಟರು. ಒಳಗೆ ಬನ್ನಿ, ಕೂಸನ್ನು ಎತ್ತಿಕೊಳ್ಳಿ ಎಂದು ಅವಳು ಎಷ್ಟು ಕರೆದರೂ, ಮಲಗಿದೆ, ಎಬ್ಬಿಸಬೇಡ ಎಂದರು. ಅವ್ವ ಅರಿಶಿನ ಕುಂಕುಮ ಕೊಟ್ಟು ಉಡಿ ತುಂಬಿದಳು. ಅಕ್ಕ ಅವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅವ್ವ ತಲೆ ಎತ್ತಲಿಲ್ಲ.

ಅಕ್ಕ ಆ ರಾತ್ರಿ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಾನೇ ಕಳಿಸಲು ಹೋದೆ. ದಾರಿಯುದ್ದಕ್ಕೂ ಅವರು ಕಂಪ್ಲಿಯ ಗದ್ದೆ, ಹೊಳೆ ಎಂದು ಏನೇನೋ ಮಾತಾಡಿದರು. ಬಸ್ಸು ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮವ್ವ ಅಂಜ್ಯಾರ. ಅಂಜಿದವ್ರನ್ನ ನಾ ಏನೂ ಅನ್ನಂಗಿಲ್ಲ. ಆದ್ರ ನೀ ನನಗ ಹೇಳಬಹುದಿತ್ತಲ್ಲ ತಮ್ಮಾ. ನಾನ ಬರ್ತಿದ್ದಿಲ್ಲ."

ಬಸ್ಸು ಹೊರಟಿತು. ಅವರು ಬಿಸಿಲು ಬೀಳುವ ಕಡೆ ಕುಳಿತಿದ್ದರು.

ಆಮೇಲೆಯೂ ಅಕ್ಕ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಚಟ್ನಿ ಮಾಡಿದರೆ ಬೇಲಿಯ ಮೇಲಿಂದ ಬಟ್ಟಲು ಬರುತ್ತಿತ್ತು. ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿ ಮಾತ್ರ ಕ್ವಾರ್ಟರ್ಸಿಗೆ ವಾಪಸ್ಸು ಬಂದ ಮೇಲೆ ಒಂದು ದಿನ, ಬಸ್ಸು ತಡವಾಗಿರಲಿಲ್ಲ ಅಲ್ಲವೇ ಎಂದು ಕೇಳಿದಳು. ನಾನು ಶೂ ಹಾಕಿಕೊಂಡು ಡ್ಯೂಟಿಗೆ ಹೊರಟೆ. ಅವಳಿಗೆ ಅದೇ ಉತ್ತರವಾಯಿತು. ಈಗ ಅವಳೂ ಇಲ್ಲ.

ಬದಲಾಗಿದ್ದು ಕತೆ. ಸಂಜೆ ಮಕ್ಕಳು ಸೇರುತ್ತಿದ್ದರು, ಯಾರೋ ಒಬ್ಬರು ಹೊದಿಕೆಯೊಳಗೆ ಮುದುಡಿ ಕೂಡುತ್ತಿದ್ದರು. ಅಕ್ಕ ಬಗ್ಗುತ್ತಿರಲಿಲ್ಲ. ಇದರ ಹೆಸರೇನು ಎಂದು ಮಕ್ಕಳು ಕೇಳಿದರೆ, "ಇದಕ್ಕಿನ್ನೂ ತೊಟ್ಲ ಆಗಿಲ್ಲ" ಅನ್ನುವರು. ಹೆಸರಿಲ್ಲದ ಮುಳ್ಳಿಲಿ ಮಾತಾಡುವ ಹಾಗಿಲ್ಲ. ಹಳೆಯ ಹೆಸರಿನವು ಇದ್ದವು, ಮುಟ್ಟಬ್ಯಾಡಪ್ಪನೂ ಸಂಗವ್ವನೂ ಜಗಳವಾಡುತ್ತಿದ್ದರು. ಹೊಸದಾಗಿ ಬಂದವು ಮಾತ್ರ ಕತೆಯ ಒಂದು ಮೂಲೆಯಲ್ಲಿ ಉಂಡೆಯಾಗಿ ಕುಳಿತಿರುತ್ತಿದ್ದವು. ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಾ ನಾನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ.

ನನ್ನ ಮಗಳು ನಡೆಯಲು ಕಲಿತದ್ದೇ ಅವರ ಕಟ್ಟೆಯ ಕಡೆಗೆ. ಅವಳಿಗೆ ನಾಲ್ಕೈದು ವರ್ಷವಿದ್ದಾಗ ಒಮ್ಮೆ ಬಂದು ನನ್ನ ಮಡಿಲಲ್ಲಿ ಕುಳಿತು, ಅತ್ತೆಯ ಮುಳ್ಳಿಲಿಗಳು ಯಾಕೆ ಮಾತಾಡುವುದಿಲ್ಲ ಎಂದು ಕೇಳಿದಳು. ನಿದ್ದೆ ಬಂದಿರಬೇಕು ಎಂದೆ.

ಅದೇ ವರ್ಷ ಅಕ್ಕನ ಗಂಡ ರಿಟೈರಾಗಿ ಅವರು ಹೊಸಪೇಟೆಗೆ ಹೋದರು. ಕೆಲವು ವರ್ಷದ ನಂತರ, ಇವತ್ತು ಹೇಳಿಯೇಬಿಡಬೇಕು ಎಂದು ಗಟ್ಟಿ ಮಾಡಿಕೊಂಡು ಅವರ ಮನೆಗೆ ಹೋದೆ. ಕೂಡಿಸಿದರು. ಒಗ್ಗರಣೆ ಮಂಡಾಳು ಕೊಟ್ಟರು, ಬಿಸಿ ಮಿರ್ಚಿ ಕರಿದು ಹಾಕಿದರು. ಮಗಳು ಹೇಗಿದ್ದಾಳೆ, ಎಷ್ಟನೆಯ ಇಯತ್ತೆ ಎಂದು ಕೇಳಿದರು. ನಾನು ಬಸ್ಸಿನ ಟಯರಿನ ವಿಷಯ ಮಾತಾಡಿದೆ, ಸಂಡೂರಿನ ರಸ್ತೆ ಕೆಟ್ಟಿರುವುದನ್ನು ಮಾತಾಡಿದೆ. ಅವರು ಕೇಳುತ್ತಾ ಕುಳಿತಿದ್ದರು, ಮರಿ ಮೊದಲು ಏನು ಮಾಡುತ್ತದೋ ಎಂದು ಕಾಯುತ್ತಿದ್ದರಲ್ಲ, ಹಾಗೆ. ನಾನು ತಟ್ಟೆ ಖಾಲಿ ಮಾಡಿ ಎದ್ದು ಬಂದೆ...

ಮತ್ತೆ ಹೋಗಲಿಲ್ಲ. ಹೋಗುವ ಮೊದಲೇ ಸುದ್ದಿ ಬಂತು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾರೋ ಮಾತಾಡಿಕೊಳ್ಳುತ್ತಿದ್ದರು, ನಮ್ಮ ಕ್ವಾರ್ಟರ್ಸಿನಲ್ಲಿ ಮುಳ್ಳಿಲಿ ಕತೆ ಹೇಳುತ್ತಿದ್ದರಲ್ಲ, ಅವರು ತೀರಿಕೊಂಡರಂತೆ ಎಂದು. ದಿನಕರ್ಮಗಳೆಲ್ಲ ಆಗಿಹೋಗಿದ್ದವು. ನಾನು ಗೇರು ಬದಲಿಸಿ ಮುಂದೆ ಹೊಡೆದೆ. ಶಿಫ್ಟಿಗೆ ಜನ ಕಾಯುತ್ತಿದ್ದರು.

ಈಗ ಮಗಳು ಅಳಿಯ ಇಬ್ಬರೂ ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಗೆ ಖಾನಾವಳಿ ಇಟ್ಟುಕೊಂಡಿದ್ದಾರೆ. ನಾನು ಅವರ ಜೊತೆ ಇದ್ದೇನೆ, ಈರುಳ್ಳಿ ಹೆಚ್ಚಿ ಕೊಡುತ್ತೇನೆ. ಬೆರಳಿಗೆ ಮುಳ್ಳು ಚುಚ್ಚಿದ ದಿನ, ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ, ಮಗಳು ಕೊತ್ತಂಬರಿ ಸೋಸುತ್ತಾ ಕುಳಿತಿದ್ದಳು. ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಸಂಜೆಗೆ ಎಂದು ಸುಳ್ಳು ಹೇಳಿದ್ದು, ಬಸ್ಸನ್ನು ಬೈದದ್ದು, ನಕ್ಕಿದ್ದು, ಎಲ್ಲ. ನಿನಗೆ ಸಿಗಬೇಕಿದ್ದ ಒಂದು ಹೆಸರನ್ನು ನಾನು ಸಿಗದ ಹಾಗೆ ಮಾಡಿದೆ ಎಂದೆ.

ಅವಳು ಕಡ್ಡಿಗಳನ್ನು ಒಂದು ಕಡೆ, ಎಲೆಗಳನ್ನು ಇನ್ನೊಂದು ಕಡೆ ಹಾಕುತ್ತಲೇ ಇದ್ದಳು. ಕೊನೆಯ ಕಟ್ಟು ಮುಗಿದ ಮೇಲೆ, ಇದನ್ನು ಅವರಿಗೆ ಹೇಳಬೇಕಿತ್ತು, ನನಗಲ್ಲ ಎಂದಳು. ಹೌದು ಎಂದೆ. ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಅಕ್ಕ ಕ್ವಾರ್ಟರ್ಸ್ ಬಿಟ್ಟ ದಿನ, ಸಾಮಾನಿನ ಲಾರಿ ಹೊರಗೆ ನಿಂತಿತ್ತಂತೆ. ಖಾಲಿ ಅಡುಗೆಮನೆಗೆ ಇವಳನ್ನು ಕರೆದು, ಮುದುಡಿಕೊಂಡು ಕೂಡು ಎಂದರಂತೆ. ತಮ್ಮ ಸೆರಗನ್ನೇ ಮೇಲೆ ಹೊದಿಸಿ, ಬಗ್ಗಿ, ಕಿವಿಯಲ್ಲಿ ಹೇಳಿದರಂತೆ. ಗುದ್ದಲು ಬೇರೆ ಯಾರೂ ಇರಲಿಲ್ಲವೆಂದು ಇವಳೇ ಎದ್ದು ಅವರ ಬೆನ್ನಿಗೆ ಗುದ್ದಿದಳಂತೆ. ಅವರು ನಗುತ್ತಿದ್ದರೋ ಅಳುತ್ತಿದ್ದರೋ ನೆನಪಿಲ್ಲ ಎಂದಳು.

ಏನೆಂದು ಹೇಳಿದರು ಎಂದು ಕೇಳಿದೆ.

ಮಗಳು ಸೀರೆಗೆ ಕೈ ಒರೆಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅದು ಕಿವಿಗೆ ಹೇಳಿದ್ದಪ್ಪಾ. ನಿನಗ ಹೇಳಂಗಿಲ್ಲ."

ರಸ್ತೆಯಲ್ಲಿ ಒಂದು ಗಾಡಿ ನಿಂತು ಯಾರೋ ಊಟ ಇದೆಯೇ ಎಂದು ಕೂಗಿದರು. ಇದೆ ಬನ್ನಿ ಎನ್ನುತ್ತಾ ಅವಳು ಎದ್ದು ಹೋದಳು. ಅವಳ ಹಿಂದೆ ಕೂಗಿ ಇನ್ನೊಮ್ಮೆ ಕೇಳೋಣ ಅನ್ನಿಸಿತು, ಕೇಳಲಿಲ್ಲ. ಅಕ್ಕ ಕರಾರು ಹಾಕಿದ್ದರು, ನಾನು ಒಪ್ಪಿಕೊಂಡಿದ್ದೆ. ಅವರಿಗೆ ಕೊಟ್ಟ ಮಾತುಗಳಲ್ಲಿ ಇನ್ನು ಉಳಿಸಿಕೊಳ್ಳಲು ಸಾಧ್ಯವಿರುವುದು ಅದೊಂದೇ.